ಬಟ್ಟೆ ಮುಚ್ಚಿದ ಸಂಶೋಧನೆ

ನನ್ನ ಗಂಟಲಲ್ಲಿ ಅರ್ಧ ಊರು ವಾಸವಾಗಿದೆ. ಪಾದ್ರಿಗಳ ಕೆಮ್ಮು ಬೇಕೇ, ಬಂದರು ಅಧಿಕಾರಿಯ ಗೊಗ್ಗರು ದನಿ ಬೇಕೇ, ಕೇಳಿದ್ದು ಕೊಡುತ್ತೇನೆ. ಆದ್ದರಿಂದ ವಿಂಡ್‌ವರ್ಡ್ ಊರಿನಲ್ಲಿ ನನ್ನ ಮಾತನ್ನು ಯಾರೂ ಒಂದೇ ಸಲಕ್ಕೆ ನಂಬುವುದಿಲ್ಲ. ನೀವು ಮಾತ್ರ ನಂಬಬೇಕು. ಇದು ನನ್ನ ಕಣ್ಣೆದುರೇ ನಡೆದದ್ದು.

ಅಲ್ದೀನಾ ಟೀಚರ್ ನಮ್ಮ ಪಕ್ಕದ ಮನೆಯವರು, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾರೆ. ಅವರ ಸೋದರಮಾವ ಸೆಪ್ಟಿಮಸ್ ಮರದ ದೋಣಿ ಕಟ್ಟುವವರು. ನಕ್ಷೆ ಗಿಕ್ಷೆ ಏನೂ ಇಲ್ಲ. ಗುಡ್ಡ ಹತ್ತಿ, ಬಾಗಿದ ಸೀಡರ್ ಕೊಂಬೆಯೊಂದನ್ನು ನೋಡಿ, "ಇದು ದೋಣಿಯ ಎಡಗಡೆ ಪಕ್ಕೆಲುಬು" ಅನ್ನುತ್ತಾರೆ. ಕಡಿದು ತಂದು ಕೂರಿಸಿದರೆ ಅಲ್ಲೇ ಕೂರುತ್ತದೆ. ಆ ನೋಟದೊಳಗಿನ ಗಣಿತವನ್ನು ಬರೆದಿಟ್ಟು ಡಾಕ್ಟರೇಟ್ ಮಾಡಬೇಕೆಂಬುದು ಟೀಚರ್ ಆಸೆ.

ಆದರೆ ಮಾವನ ಒಂದು ಕಣ್ಣು ಆಗಲೇ ಹೋಗಿತ್ತು, ಇನ್ನೊಂದು ಮಸುಕಾಗುತ್ತಿತ್ತು. ಟೀಚರ್ ಸಮುದ್ರ ದಾಟಿ ದೂರದ ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಕೂತು ಬಂದರೆ, ಮರ ಆರಿಸಿ ತೋರಿಸುವ ಕಣ್ಣೇ ಉಳಿದಿರುವುದಿಲ್ಲ. ಊರಲ್ಲಿದ್ದುಕೊಂಡೇ ಓದಬೇಕು, ಅದೂ ಮೇಷ್ಟ್ರಿಕೆಯ ಸಂಬಳದಲ್ಲಿ.

ಇಲ್ಲೊಂದು ತೊಡಕಾಯಿತು. ನಮ್ಮ ಕ್ಯಾರಿಯಕೂ ದ್ವೀಪದಲ್ಲಿ ಹೊಸ ದೋಣಿ ನೀರಿಗಿಳಿಯುವ ದಿನದವರೆಗೂ ಅದರ ಹೆಸರಿನ ಮೇಲೆ ಬಟ್ಟೆ ಮುಚ್ಚಿರುತ್ತೇವೆ. ಮೊದಲೇ ಬಾಯಿಬಿಟ್ಟರೆ ದೋಣಿಗೆ ಕೇಡು. ಟೀಚರ್ ತಮ್ಮ ಸಂಶೋಧನೆಗೂ ಅದೇ ಬಟ್ಟೆ ಹೊದಿಸಿಬಿಟ್ಟರು! ಪ್ರೊಫೆಸರುಗಳಿಗೆಲ್ಲ, "ವಿಷಯ ಬಹಳ ಚೆನ್ನಾಗಿದೆ, ಪ್ರವೇಶ ಕೊಟ್ಟ ಮೇಲೆ ತಿಳಿಸುತ್ತೇನೆ" ಎಂದು ಬರೆದರು. ಒಬ್ಬರೂ ಉತ್ತರಿಸಲಿಲ್ಲ.

ಉತ್ತರಿಸಿದವನು ಒಬ್ಬ ಏಜೆಂಟ್. ಜೇನು ಸವರಿದ ದನಿ, ಅವನ ಫೋನು ಬಂದಾಗ ನಾನೂ ಕೇಳಿದ್ದೆ. ಡಾಕ್ಟರೇಟ್ ಮನೆಬಾಗಿಲಿಗೇ ಬರುತ್ತದಂತೆ. ಪೂರ್ತಿ ಶುಲ್ಕ ಒಂದೇ ಕಂತಿನಲ್ಲಿ ಕಟ್ಟಬೇಕಂತೆ.

ಅಂದು ಸಂಜೆ ಟೀಚರ್ ಜಗಲಿಯಲ್ಲಿ ಹಸಿ ತೊಗರಿಕಾಯಿ ಬಿಡಿಸುತ್ತಾ ಈ ಸುದ್ದಿ ಹೇಳಿದರು. ಗೆಳತಿ ಲೊರೆಟಾ ಬಂದಿದ್ದಳು. ಅವಳು ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಲೇ ಹೊರದೇಶದ ವಿಶ್ವವಿದ್ಯಾಲಯವೊಂದರಲ್ಲಿ ದೂರದಿಂದ ಡಾಕ್ಟರೇಟ್ ಮಾಡುತ್ತಿರುವವಳು. ಮೆಟ್ಟಿಲ ಮೇಲೆ ಮಾವ ಬಾಚಿ ಮಸೆಯುತ್ತಿದ್ದರು, ಪಕ್ಕದಲ್ಲಿ ನಾನು.

"ಕ್ಲಾಸಿಲ್ಲ, ಪರೀಕ್ಷೆ ಇಲ್ಲ, ಬರೀ ಸಂಶೋಧನೆ ಕಣೇ. ನಿಂದೂ ಹಾಗೇ ಅಲ್ವಾ?" ಎಂದರು ಟೀಚರ್.

"ಹೌದು. ಆದ್ರೆ ನನ್ನ ಗೈಡ್ ಇದಾರಲ್ಲ, ಪರದೆ ಮೇಲೆ ಬಂದು ನನ್ನ ಚರ್ಮ ಸುಲೀತಾರೆ. ನಿನ್ನ ಗೈಡ್ ಯಾರು?"

"ಕೊಡ್ತಾರಂತೆ."

"ಯಾವಾಗ?"

"ದುಡ್ಡು ಕಟ್ಟಿದ್ಮೇಲೆ."

"ವಿಷಯ ಏನು ಅಂತ ಕೇಳಿದ್ನಾ?"

"ಇಲ್ಲ. ಅದೇ ನಂಗೆ ಹಿಡಿಸಿದ್ದು! ‘ನಂಬಿಕೆ ಮುಖ್ಯ ಮೇಡಂ’ ಅಂದ. ಎಂಥ ಮರ್ಯಾದಸ್ಥ."

ಲೊರೆಟಾ ಹಣೆ ಚಚ್ಚಿಕೊಂಡಳು. "ಮಾವ, ಯಾರಾದ್ರೂ ಬಂದು, ಮೀನು ಹಿಡಿಯೋಕೋ ಸಾಮಾನು ಸಾಗಿಸೋಕೋ ಹೇಳಲ್ಲ, ಸುಮ್ನೆ ದೋಣಿ ಕಟ್ಟು ಅಂದ್ರೆ?"

"ತಲೆ ಮೇಲೆ ನೀರು ಸುರಿದು ಮನೆಗೆ ಕಳಿಸ್ತೀನಿ," ಎಂದರು ಮಾವ.

"ಕೇಳಿದ್ಯಾ? ಹೆಸರು ಮುಚ್ಚೋದು ನೆಂಟರಿಂದ. ಕಟ್ಟೋನಿಗೆ ಎಲ್ಲಾ ಹೇಳ್ಬೇಕು. ಗೈಡು ನಿನ್ನ ಜೊತೆ ದೋಣಿ ಕಟ್ಟೋರು ಮಾರಾಯ್ತಿ."

"ನಿಂಗೆ ಸಿಕ್ತು, ನಂಗೆ ಸಿಗೋದು ಬೇಡ್ವಾ?" ಟೀಚರ್ ಮುಖ ಊದಿಸಿಕೊಂಡರು. "ನಾಳೆ ಬ್ಯಾಂಕಿಗೆ ಹೋಗೋದೇ."

ಮರುದಿನ ಟೀಚರ್ ಮನೆಯಿಂದ ಹೊರಡುವ ಮೊದಲೇ, ಲೊರೆಟಾಗೂ ಕೇಳುವಂತೆ ಅವಳನ್ನು ಪಕ್ಕದಲ್ಲಿಟ್ಟುಕೊಂಡು ನಾನು ಬೇಕರಿಯ ಫೋನಿನಿಂದ ಅವರಿಗೆ ಕರೆ ಮಾಡಿದೆ. ಏಜೆಂಟನಂತೆಯೇ ಗಂಟಲಿಗೆ ಜೇನು ಸವರಿಕೊಂಡೆ.

"ಮೇಡಂ, ಅಭಿನಂದನೆ! ನಿಮ್ಮ ಪ್ರಬಂಧ ಪಾಸಾಗಿದೆ."

"ಸಾರ್, ನಾನಿನ್ನೂ ಬರ್ದೇ ಇಲ್ವಲ್ಲ?"

"ಅದಕ್ಕೇ ಪರೀಕ್ಷಕರಿಗೆ ಒಂದೂ ತಪ್ಪು ಸಿಗ್ಲಿಲ್ಲ ಮೇಡಂ."

"ವಿಷಯ... ಏನಂತ ಹಾಕಿದೀರಾ?"

"‘ಆಡುಗಳ ಹಲ್ಲುನೋವು: ಒಂದು ತಾತ್ವಿಕ ಚಿಂತನೆ.’"

"ಏನು! ಅದು ನನ್ನ ವಿಷಯ ಅಲ್ಲ!"

"ಮತ್ತೆ ನಿಮ್ಮದೇನು ಮೇಡಂ?"

ಅಷ್ಟೇ, ಬಟ್ಟೆ ಹಾರಿಹೋಯಿತು. "ನನ್ನ ಮಾವ ಅಳತೆಪಟ್ಟಿ ಮುಟ್ಟದೆ ಬಾಗಿದ ಮರ ಆರಿಸ್ತಾರೆ, ಅದು ಹೇಗೆ ಅನ್ನೋದು! ಮರದ ಬಾಗು, ದೋಣಿಯ ಹೊಟ್ಟೆ, ಎರಡಕ್ಕೂ ಅವರ ಕಣ್ಣಲ್ಲಿ ಲೆಕ್ಕ ಇದೆ. ಅವರು ಆರಿಸಿದ ಒಂದೊಂದು ಮರನೂ ನಾನು ಅಳೀಬೇಕು, ಬೇಡ ಅಂದ ಮರನೂ ಅಳೀಬೇಕು, ಯಾಕೆ ಬೇಡ ಅಂತ ಕೇಳ್ಬೇಕು. ಅವರಿಗೆ ಕಾಣಿಸ್ತಿರೋವಾಗ್ಲೇ ಕೇಳ್ಬೇಕು!" ಕೊನೆಗೆ ದನಿ ಒಡೆಯಿತು.

ನನಗೂ ಜೇನು ಕಹಿಯಾಯಿತು. "ಟೀಚರ್... ನಾನು, ವಿಲ್‌ಫ್ರೆಡ್," ಎಂದೆ. ಫೋನು ಟಪ್ಪೆಂದು ಬಿತ್ತು.

ಲೊರೆಟಾ ಮಾತ್ರ ತಲೆಯೆತ್ತಿರಲಿಲ್ಲ. ಟೀಚರ್ ಹೇಳಿದ್ದನ್ನೆಲ್ಲ ಬ್ರೆಡ್ಡಿನ ಕಾಗದದ ಚೀಲದ ಮೇಲೆ ಬರೆದುಕೊಳ್ಳುತ್ತಿದ್ದಳು. ಟೀಚರ್ ಮನೆಗೆ ಹೋಗಿ ಅದನ್ನು ಮುಚ್ಚಿದ ಬಾಗಿಲಿನ ಸಂದಿಯಲ್ಲಿ ತೂರಿಸಿ, "ಇದನ್ನೇ ಕಳಿಸು ಕಣೇ, ಉತ್ತರ ಬರುತ್ತೆ," ಎಂದು ಕೂಗಿದಳು. ಬಾಗಿಲು ತೆರೆಯಲಿಲ್ಲ.

ಟೀಚರ್ ಬಾಗಿಲು ಹಾಕಿಕೊಂಡಿರುವಾಗ, ಓದುವ ಅಣ್ಣಂದಿರೇ, ಅಕ್ಕಂದಿರೇ, ನಾವೊಂದಿಷ್ಟು ಮಾತಾಡೋಣ. ಕೆಲಸ ಬಿಡದೆ, ಊರು ಬಿಡದೆ, ಬರೀ ಸಂಶೋಧನೆಯಿಂದಲೇ ಪಡೆಯುವ ಡಾಕ್ಟರೇಟ್ ಸುಳ್ಳಲ್ಲ. ಕಡಿಮೆ ಶುಲ್ಕದ ಸರ್ಕಾರಿ ವಿಶ್ವವಿದ್ಯಾಲಯಗಳೂ ಇವೆ, ಹುಡುಕಬೇಕು. ಆದರೆ ನಿಮ್ಮ ದೇಶದಲ್ಲಿ ಆ ಪದವಿಗೆ ಮಾನ್ಯತೆ ಇದೆಯೇ ಎಂದು ಮಾನ್ಯತೆ ಕೊಡುವ ಕಚೇರಿಯನ್ನೇ ಮೊದಲು ಕೇಳಿ. ಕೆಲವು ಕಡೆ ದೂರದಿಂದ ಮಾಡಿದ ಡಾಕ್ಟರೇಟ್ ಲೆಕ್ಕಕ್ಕೇ ಬರುವುದಿಲ್ಲ. ವರ್ಷದ ಶುಲ್ಕ ಮಾತ್ರ ನೋಡಿ ಹಿಗ್ಗಬೇಡಿ. ಪ್ರಬಂಧ ಒಪ್ಪಿಸುವಾಗ ಎಷ್ಟು, ತಡವಾದರೆ ಎಷ್ಟು, ಎಷ್ಟು ಸಲ ಅಲ್ಲಿಗೆ ಹೋಗಬೇಕು, ಹೊರದೇಶದವರಿಗೆ ಬೇರೆ ದರವೇ, ಎಲ್ಲವನ್ನೂ ಬರಹದಲ್ಲಿ ಕೇಳಿ ಪಡೆಯಿರಿ. ಇದಕ್ಕಿಂತ ಮುಖ್ಯ, ದುಡ್ಡಿಗೆ ಮೊದಲು ಗೈಡು. ಅವರು ಬರೆದದ್ದನ್ನು ಓದಿ, ನಿಮ್ಮ ವಿಷಯವನ್ನು ಒಂದೇ ಪುಟದಲ್ಲಿ ಬರೆದು ಕಳಿಸಿ. ವಿಷಯವನ್ನೇ ಕೇಳದೆ ಪದವಿ ಕೊಡುವವನು ನಿಮ್ಮ ಜೇಬನ್ನು ಮಾತ್ರ ಓದಿರುತ್ತಾನೆ.

ಟೀಚರ್ ಆ ಚೀಲದ ಮಾತನ್ನು ಒಂದು ಪುಟವಾಗಿ ತಿದ್ದಿ ಕಳಿಸಿದರು. ಒಬ್ಬ ಪ್ರೊಫೆಸರ್ ಒಪ್ಪಿದರು, ಪ್ರಶ್ನೆಗಳ ಮಳೆಯನ್ನೇ ಸುರಿಸಿದರು. ಶುಲ್ಕವನ್ನು ವರ್ಷವರ್ಷ ಕಟ್ಟಿದರಾಯಿತು. ನಾನಿದನ್ನು ಬರೆಯುವಾಗ ಟೀಚರ್ ಮಾವನ ಕೈ ಹಿಡಿದು ಗುಡ್ಡದ ಮೇಲೆ ಮರ ಅಳೆಯುತ್ತಿದ್ದಾರೆ. ಮಾವನಿಗೆ ಇನ್ನೂ ಕಾಣಿಸುತ್ತಿದೆ.

ಆದರೆ ಅಂದು ಬಾಗಿಲು ತೆರೆದದ್ದು ಹೇಗೆಂದು ಹೇಳಲೇಬೇಕು. ಬೇಡಲು ಬಂದವನಂತೆ ನಾನು ಅಂಗಳದಲ್ಲಿ ನಿಂತಿದ್ದೆ. ಟೀಚರ್ ಹೊರಗೆ ಬಂದರು, ಕಣ್ಣು ಕೆಂಪಗಿದ್ದವು. ನನ್ನತ್ತ ನೋಡದೆ, ಎಲ್ಲರಿಗೂ ಕೇಳುವಂತೆ ಫೋನಿನ ಸ್ಪೀಕರ್ ಹಾಕಿ ನಿಜವಾದ ಏಜೆಂಟನಿಗೇ ಕರೆ ಮಾಡಿದರು.

"ಸಾರ್, ನನ್ನ ವಿಷಯ ಆಡುಗಳ ಹಲ್ಲುನೋವು. ನಡೆಯುತ್ತಾ?"

"ಅದ್ಭುತ ಮೇಡಂ!" ಎಂದಿತು ಜೇನಿನ ದನಿ. "ಜಗತ್ತೇ ಕಾಯ್ತಿರೋ ವಿಷಯ! ಇವತ್ತೇ ದುಡ್ಡು ಹಾಕಿಬಿಡಿ."

ಲೊರೆಟಾ ನಗು ತಡೆಯಲು ಬಾಯಿಗೆ ಅಂಗಿಯ ತುದಿ ತುರುಕಿಕೊಂಡಳು. ಮಾವ ಬಾಚಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡರು. ನಾನು ನಗಲೋ ಬೇಡವೋ ಎಂದು ಟೀಚರ್ ಮುಖ ನೋಡಿದೆ. ಅಷ್ಟರಲ್ಲಿ ಅವರೇ ಜಗಲಿಯ ಕಂಬ ಹಿಡಿದು, ಉಸಿರು ಸಿಗದೆ, ಬೀದಿಯ ಕೋಳಿಗಳೆಲ್ಲ ಚದುರಿ ಓಡುವಷ್ಟು ಜೋರಾಗಿ ನಗುತ್ತಿದ್ದರು.