ಯಾರೂ ಮುಟ್ಟದ ಸ್ಕ್ರೂ

ನನ್ನ ಗಂಡ ವರ್ಲಿನ್ ಹತ್ತಿರ ಇಪ್ಪತ್ತೆರಡು ಹಳೆಯ ಕೈಬಂದೂಕುಗಳಿವೆ. ಒಂದರಿಂದಲೂ ಅವನು ಗುಂಡು ಹಾರಿಸಿಲ್ಲ. ಹಾರಿಸುವುದಿರಲಿ, ಬರಿಗೈಯಲ್ಲಿ ಮುಟ್ಟುವುದೂ ಇಲ್ಲ. ಬೆರಳಿನ ಬೆವರು ಹಳೆಯ ಕಬ್ಬಿಣಕ್ಕೆ ವಿಷವಂತೆ. ಬಿಳಿ ಕೈಗವಸು ಹಾಕಿಕೊಂಡು, ಉಸಿರು ಬಿಗಿಹಿಡಿದು ಎತ್ತುತ್ತಾನೆ. ನಮ್ಮ ಮೂರು ಮಕ್ಕಳಲ್ಲಿ ಒಂದನ್ನೂ ಇಷ್ಟು ಜೋಪಾನವಾಗಿ ಎತ್ತಿಕೊಂಡದ್ದು ನನಗೆ ನೆನಪಿಲ್ಲ.

ಆ ಇಪ್ಪತ್ತೆರಡರಲ್ಲಿ ಪಟ್ಟದರಸಿ ಒಂದು ರಿವಾಲ್ವರ್. ಕನೆಕ್ಟಿಕಟ್ ರಾಜ್ಯದಲ್ಲಿ ಪೂಲ್ ಎಂಬ ಗಡಿಯಾರ ರಿಪೇರಿಯವನು 1874ರಲ್ಲಿ ಒಂಬತ್ತೇ ಒಂಬತ್ತು ರಿವಾಲ್ವರ್ ಮಾಡಿ, ಕೈಸುಟ್ಟುಕೊಂಡು, ಮತ್ತೆ ಗಡಿಯಾರಕ್ಕೆ ಮರಳಿದನಂತೆ. ನನ್ನನ್ನು ಕೇಳಿದರೆ ಹತ್ತನೆಯದನ್ನು ಮಾಡದಿದ್ದುದು ಮೊದಲ ಒಂಬತ್ತು ಖರ್ಚಾಗದ ಕಾರಣ. ಆದರೆ ಈ ಜನರ ಲೆಕ್ಕವೇ ಬೇರೆ. ಲಕ್ಷ ಮಾಡಿದವನು ಬರೀ ವ್ಯಾಪಾರಿ, ಒಂಬತ್ತು ಮಾಡಿದವನು ದೇವರು. ನಮ್ಮ ಮನೆಯಲ್ಲಿದ್ದುದು ಆರನೆಯ ನಂಬರಿನದು. ಅದನ್ನು ಕೊಳ್ಳಲು ಮೂವತ್ತೊಂದು ವರ್ಷದ ಹಿಂದೆ ವರ್ಲಿನ್ ನಮ್ಮ ದೋಣಿಯನ್ನು ಮಾರಿದ. ಆ ದೋಣಿಯ ಮೇಲೆ ನನಗೆ ಆಸೆಯಿತ್ತು ಎಂದು ಇಲ್ಲಿ ಹೇಳಿಬಿಡುತ್ತೇನೆ.

ಆ ರಿವಾಲ್ವರಿನ ಹಿಡಿಯ ಮರವನ್ನು ಒಂದೇ ಒಂದು ಸ್ಕ್ರೂ ಹಿಡಿದುಕೊಂಡಿತ್ತು. ವರ್ಲಿನ್‌ನ ಪ್ರಾಣವೆಲ್ಲ ಆ ಸ್ಕ್ರೂವಿನಲ್ಲಿ. ಮನೆಗೆ ಬಂದವರ ಕೈಗೆ ಕಾಫಿಗಿಂತ ಮೊದಲು ಭೂತಗನ್ನಡಿ ಕೊಡುತ್ತಿದ್ದ.

"ನೋಡಿ, ಒಂದು ಗೀರಾದ್ರೂ ಕಾಣುತ್ತಾ? ಒಂದೂವರೆ ಶತಮಾನದಲ್ಲಿ ಸ್ಕ್ರೂಡ್ರೈವರ್ ತಾಗಿಲ್ಲ ಇದಕ್ಕೆ."

ಪ್ರತಿ ಏಪ್ರಿಲ್‌ನಲ್ಲಿ ಸೆಡೇಲಿಯಾ ಊರಿನ ಜಾತ್ರೆ ಮೈದಾನದ ಹಾಲ್‌ನಲ್ಲಿ ಹಳೆಯ ಬಂದೂಕುಗಳ ಸಂಗ್ರಾಹಕರೆಲ್ಲ ಮೇಜು ಹಾಕುತ್ತಾರೆ. ಅತ್ಯುತ್ತಮವಾದದ್ದಕ್ಕೆ ನೀಲಿ ರಿಬ್ಬನ್, ಎರಡನೆಯದಕ್ಕೆ ಕೆಂಪು. ನಮ್ಮ ಪಕ್ಕದ ಮೇಜು ಡೆಲ್ಬರ್ಟ್‌ನದು. ಅವನ ಬಳಿ ಪೂಲ್‌ನ ಎರಡನೆಯ ನಂಬರ್ ಇದೆ, ಅದರ ಸ್ಕ್ರೂವಿನ ಮೇಲೆ ಕೂದಲಷ್ಟು ಸಣ್ಣ ಗೀರೂ ಇದೆ. ಹತ್ತೊಂಬತ್ತು ವರ್ಷಗಳಿಂದ ನೀಲಿ ನಮಗೆ, ಕೆಂಪು ಅವನಿಗೆ.

"ಒಂದೇ ಒಂದು ಗೀರು, ಡೆಲ್ಬರ್ಟ್. ಪಾಪ," ಎಂದ ವರ್ಲಿನ್ ಆ ವರ್ಷವೂ.

"ನಿನ್ನ ತಲೆಯೊಳಗಿನ ಸ್ಕ್ರೂನೂ ಯಾರೂ ಮುಟ್ಟಿಲ್ಲ ಕಣೋ. ಅದಕ್ಕೇ ಅದು ಲೂಸಾಗಿರೋದು," ಎಂದ ಡೆಲ್ಬರ್ಟ್.

ಆಗಲೇ ಎಂಬತ್ತು ದಾಟಿದ ಒಬ್ಬ ಹೆಂಗಸು ನಮ್ಮ ಮೇಜಿನ ಮುಂದೆ ಬಂದು ನಿಂತಳು. ಕೈಯಲ್ಲಿ ಪಾತ್ರೆ ಒರೆಸುವ ಬಟ್ಟೆಯ ಗಂಟು. ಹೆಸರು ಐಡಬೆಲ್ ಎಂದಳು. ಗಂಟು ಬಿಚ್ಚಿದಳು. ಒಳಗೆ ಪೂಲ್‌ನ ರಿವಾಲ್ವರ್, ಖಾಲಿಯಿದೆಯೆಂದು ಬಾಗಿಲಲ್ಲಿ ಪರೀಕ್ಷಿಸಿ ಕಟ್ಟಿದ ಹಳದಿ ಪಟ್ಟಿಯೊಂದಿಗೆ. ಹಿಡಿಯ ಸ್ಕ್ರೂವನ್ನು ಯಾರೋ ಬೆಣ್ಣೆ ಸವರುವ ಚಾಕುವಿನಿಂದ ತಿರುವಿ ತಿರುವಿ ಕುಲಗೆಡಿಸಿದ್ದರು. ನಂಬರ್ ಮಾತ್ರ ಸ್ಪಷ್ಟವಾಗಿತ್ತು. ಆರು.

ವರ್ಲಿನ್ ಮುಖ ಸುಣ್ಣ ಬಳಿದಂತಾಯಿತು.

"ಅಮ್ಮಾ, ಆರು ನಂದು. ಎರಡು ಆರು ಇರೋಕೆ ಸಾಧ್ಯ ಇಲ್ಲ. ಒಂದು ನಕಲಿ."

"ಹೌದಪ್ಪಾ, ಒಂದು ನಕಲಿ. ಆದ್ರೆ ಇದಲ್ಲ," ಎಂದಳು ಐಡಬೆಲ್. "ಇದು ನಮ್ಮಪ್ಪಂದು. ನಿಮ್ಮದನ್ನ ನನ್ನ ಗಂಡ ಹಾರ್ಲನ್ ಇದನ್ನ ನೋಡ್ಕೊಂಡು ಮಾಡಿದ್ದು, ನನ್ನ ಅಡುಗೆಮನೆ ಮೇಜಿನ ಮೇಲೆ. ಒಂದು ಚಳಿಗಾಲ ಪೂರ್ತಿ. ಅವನ ಅರದ ಪುಡಿ ನನ್ನ ಬ್ರೆಡ್ ಹಿಟ್ಟಲ್ಲೂ ಇರ್ತಿತ್ತು."

ಹಾರ್ಲನ್ ಬಂದೂಕು ರಿಪೇರಿಯವನಂತೆ. ತನ್ನ ಕೈಕೆಲಸ ಯಾರಿಗಾದರೂ ಗೊತ್ತಾಗುತ್ತದೋ ನೋಡೋಣ ಎಂಬ ಜಂಬಕ್ಕೆ ಮಾಡಿ, ಒಬ್ಬ ದೊಡ್ಡ ವ್ಯಾಪಾರಿಗೆ ಮಾರಿದನಂತೆ. ವ್ಯಾಪಾರಿ ಮುತ್ತಿಟ್ಟು ಕೊಂಡುಹೋದ. ವಾರ ಕಳೆಯುವುದರೊಳಗೆ ಹಾರ್ಲನ್‌ನ ಜಂಬವೆಲ್ಲ ಇಳಿದು ನಾಚಿಕೆಯೊಂದೇ ಉಳಿಯಿತು. ಅಷ್ಟರಲ್ಲಿ ಬಂದೂಕು ಯಾರ ಕೈ ಸೇರಿತೋ ತಿಳಿಯಲಿಲ್ಲ.

"'ಒಳಗೆ ನಿಜ ಬರೆದಿಟ್ಟಿದೀನಿ ಐಡಾ, ಯಾರಾದ್ರೂ ಹಿಡಿ ಬಿಚ್ಚಿದ ದಿನ ಸಿಕ್ಕಿಬೀಳ್ತೀನಿ' ಅಂತಿದ್ದ. ಸಾಯೋವರೆಗೂ ಕಾದ. ಯಾರೂ ಬಿಚ್ಚಲಿಲ್ಲ. ಹೋದ ತಿಂಗಳು ನಿಮ್ಮ ಕ್ಲಬ್ಬಿನ ಪತ್ರಿಕೇಲಿ ನಿಮ್ಮ ಆರನೇ ನಂಬರಿನ ಫೋಟೋ ನೋಡಿದೆ," ಎಂದಳು ಐಡಬೆಲ್.

ಯಾರು ಬಿಚ್ಚುತ್ತಾರೆ? ಬಿಚ್ಚದಿರುವುದೇ ಈ ಗಂಡಸರ ಧರ್ಮ. ಪಾಪದ ಮನುಷ್ಯ ತನ್ನ ತಪ್ಪೊಪ್ಪಿಗೆಯನ್ನು ಭೂಮಿಯ ಮೇಲೆ ಯಾರೂ ಕೈಹಾಕದ ಒಂದೇ ಒಂದು ಜಾಗದಲ್ಲಿ ಬರೆದಿಟ್ಟಿದ್ದ.

ಸುತ್ತ ಜನ ಸೇರಿದರು. ಡೆಲ್ಬರ್ಟ್ ಜೇಬಿನಿಂದ ಒಂದು ಸ್ಕ್ರೂಡ್ರೈವರ್ ತೆಗೆದು ಮೇಜಿನ ಮೇಲಿಟ್ಟ. ವರ್ಲಿನ್ ನನ್ನ ಕಡೆ ನೋಡಿದ. ಬಿಚ್ಚದಿದ್ದರೆ ಅವನದು ಅಸಲಿಯಾಗಿಯೇ ಉಳಿಯಬಹುದಿತ್ತು. ಹುಚ್ಚು ಮುದುಕಿಯ ಮಾತು ಎಂದು ನಗಬಹುದಿತ್ತು, ಜನರೂ ನಗುತ್ತಿದ್ದರು. ಹಾಗೆ ನಕ್ಕರೆ ಇವನ ಜೊತೆ ಅದೇ ಕಾರಿನಲ್ಲಿ ಮನೆಗೆ ಹೋಗಲು ನನಗೆ ಮನಸ್ಸಾಗುತ್ತಿರಲಿಲ್ಲ.

"ಬಿಚ್ಚು ವರ್ಲಿನ್," ಎಂದೆ. "ಆ ಮನುಷ್ಯ ಬಹಳ ಕಾದಿದಾನೆ."

ಅವನು ಬಿಚ್ಚಿದ. ಗಟ್ಟಿ ಸ್ಕ್ರೂ, ಮೊದಲ ತಿರುವಿಗೇ ಗೀರು ಬಿತ್ತು. ಮರ ಕೈಗೆ ಬಂದಾಗ ಒಳಗಿನ ಕಬ್ಬಿಣದಲ್ಲಿ ಸಣ್ಣ ಅಕ್ಷರ: ಹಾರ್ಲನ್ ಟೀಗ್, 1961. ಕೆಳಗೆ ಇನ್ನೊಂದು ಪದ: ಕ್ಷಮಿಸಿ.

ಐಡಬೆಲ್ ಆ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಬೆವರಿನ ಬಗ್ಗೆ ಯಾರೂ ಉಸಿರೆತ್ತಲಿಲ್ಲ.

"ನಮ್ಮಪ್ಪಂದು ನೀವಿಟ್ಕೊಳ್ಳಿ. ನೀವು ದುಡ್ಡು ಕೊಟ್ಟಿದ್ದು ಅಸಲಿಗೆ ತಾನೆ? ಇದನ್ನ ನನಗೆ ಕೊಡಿ, ಅವನ ಋಣ ತೀರಲಿ."

ನ್ಯಾಯವಾದ ಮಾತು. ವರ್ಲಿನ್ ಕೈ ಮುಂದೆ ಚಾಚಿಯೇಬಿಟ್ಟಿದ್ದ. ಅಷ್ಟರಲ್ಲಿ ಡೆಲ್ಬರ್ಟ್ ಕೇಳಿದ, "ಅಮ್ಮಾ, ನಿಮ್ಮೆಜಮಾನ್ರು ಇಂಥದ್ದು ಎಷ್ಟು ಮಾಡಿದ್ರು?"

"ಒಂದೇ."

ಸುತ್ತಲಿದ್ದವರೆಲ್ಲ ಒಂದು ಹೆಜ್ಜೆ ಹತ್ತಿರ ಬಂದರು. ವರ್ಲಿನ್‌ನ ಕೈ ಗಾಳಿಯಲ್ಲೇ ನಿಂತಿತು.

"ಕೊಡ್ಬೇಡ್ವೋ," ಡೆಲ್ಬರ್ಟ್ ಅವನ ಕಿವಿಯಲ್ಲಿ ಪಿಸುಗುಟ್ಟಿದ. "ಪೂಲ್ ಒಂಬತ್ತು ಮಾಡಿದ. ಇದು ಪ್ರಪಂಚಕ್ಕೇ ಒಂದು."

ನನ್ನ ಗಂಡನ ಮುಖದಲ್ಲಿ ನಡೆದ ಜಗಳವನ್ನು ನೋಡುತ್ತಾ ನಾನು ಮನಸ್ಸಿನಲ್ಲೇ ಎಣಿಸತೊಡಗಿದೆ. ಒಂಬತ್ತೋ, ಒಂದೋ. ಇಪ್ಪತ್ತರವರೆಗೆ ಎಣಿಸಿದ್ದೆ. ಆಮೇಲೆ ಅವನು ಕೈಗವಸು ಕಳಚಿ, ಹಾರ್ಲನ್‌ನ ರಿವಾಲ್ವರನ್ನು ಬರಿಗೈಯಿಂದ ಐಡಬೆಲ್‌ಳ ಅಂಗೈಯಲ್ಲಿಟ್ಟ.

"ನಿಮ್ಮೆಜಮಾನ್ರ ಕೆಲಸ ನನಗೆ ಗೊತ್ತೇ ಆಗಲಿಲ್ಲ ತಾಯಿ. ಅಂಥಾ ಕೈ ಅವರದು," ಎಂದ.

ಐಡಬೆಲ್ ಅತ್ತಳು. ನಾನೂ ಅತ್ತೆ. ಹಾಳು ದೋಣಿ ಹೋದರೆ ಹೋಗಲಿ ಎನ್ನಿಸಿತು.

ಮಧ್ಯಾಹ್ನ ತೀರ್ಪುಗಾರರು ಬಂದರು. ಅಸಲಿ ಆರರ ಕುಲಗೆಟ್ಟ ಸ್ಕ್ರೂ ನೋಡಿ ತಲೆಯಲ್ಲಾಡಿಸಿ ಮುಂದೆ ಹೋದರು. ನೀಲಿ ರಿಬ್ಬನ್ ಡೆಲ್ಬರ್ಟ್‌ಗೆ. ಅವನು ಅಣಕಿಸಲು ತಿರುಗಿದರೆ ವರ್ಲಿನ್ ಅಲ್ಲಿರಲಿಲ್ಲ. ಐಡಬೆಲ್‌ಳನ್ನು ಕಾರಿನವರೆಗೆ ಬಿಡಲು ಹೋಗಿದ್ದ. ನಾನು ಹುಡುಕಿಕೊಂಡು ಹೋದಾಗ ಅವಳ ಕಾರಿನ ಕಿಟಕಿಗೆ ಬಗ್ಗಿ ನಿಂತಿದ್ದ.

"ಅಮ್ಮಾ, ಹಾರ್ಲನ್ ಬೇರೆ ಏನಾದ್ರೂ ಮಾಡಿದ್ರಾ?"

"ಸೇಬಿನ ಸಿಪ್ಪೆ ತೆಗೆಯೋ ಯಂತ್ರ ಮಾಡಿಕೊಟ್ಟಿದ್ದ ನನಗೆ."

"ಒಂದೇನಾ?"

"ಒಬ್ಬಳಿಗೆ ಎಷ್ಟಪ್ಪಾ ಬೇಕು?"

"ಅದನ್ನ... ಬಳಸ್ತೀರಾ?" ವರ್ಲಿನ್ ಇನ್ನಷ್ಟು ಬಗ್ಗಿದ.

"ಭಾನುವಾರ ಬನ್ನಿ ಇಬ್ಬರೂ. ಸೇಬಿನ ಪೈ ಮಾಡ್ತೀನಿ. ನನ್ನ ಕೈಗೆ ಈಗ ಅದರ ಹಿಡಿ ತಿರುಗಿಸೋ ಶಕ್ತಿ ಇಲ್ಲ."

ಭಾನುವಾರ ಹೋದೆವು. ವರ್ಲಿನ್ ಆ ಯಂತ್ರವನ್ನು ಸುತ್ತಲಿಂದ, ಕೆಳಗಿನಿಂದ ನೋಡಿ, ಮೆಲ್ಲಗೆ ಹಿಡಿ ತಿರುಗಿಸಿ, ಹನ್ನೊಂದು ಸೇಬು ಸುಲಿದ. ಮದುವೆಯಾಗಿ ನಲವತ್ತಾರು ವರ್ಷವಾಯಿತು, ನನ್ನ ಅಡುಗೆಮನೆಯಲ್ಲಿ ಅವನು ಒಂದನ್ನೂ ಸುಲಿದವನಲ್ಲ.