ಹಂಡೆಯಲ್ಲಿ ಗುಮ್ಮ ಇಲ್ಲ

ಮಗು ಹಟ ಮಾಡಿದರೆ ನಮ್ಮ ಬಾಯಿಗೆ ಮೊದಲು ಬರುವ ಮಾತು ಯಾವುದು? "ಗುಮ್ಮ ಬಂದ." ರೊಟ್ಟಿ ತಿನ್ನದಿದ್ದರೂ ಗುಮ್ಮ, ಮಲಗದಿದ್ದರೂ ಗುಮ್ಮ. ಅವನನ್ನು ಕಂಡವರು ಯಾರೂ ಇಲ್ಲ, ಕರೆಯದವರೂ ಇಲ್ಲ.

ಇಳಕಲ್ಲಿನ ನೇಕಾರರ ಓಣಿಯಲ್ಲಿ ಶಿವಲಿಂಗವ್ವನ ಮನೆ. ಸೊಸೆ ಸಿದ್ದವ್ವ ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಾಳೆ. ಹಿತ್ತಲಲ್ಲಿ ನೂಲಿಗೆ ಬಣ್ಣ ಹಾಕುವ ಹಂಡೆ ಕುದಿಯುತ್ತದೆ. ನಾಲ್ಕು ವರ್ಷದ ಮೊಮ್ಮಗಳು ನೀಲವ್ವ ಎರಡರ ಹತ್ತಿರವೂ ಸುಳಿಯಬಾರದೆಂದು ಶಿವಲಿಂಗವ್ವ ಎರಡು ಕಡೆಯೂ ಗುಮ್ಮನನ್ನು ಕೂರಿಸಿದ್ದಳು.

"ಮಗ್ಗದ ಕುಣ್ಯಾಗ ಒಬ್ಬ ಅದಾನ. ಹಂಡ್ಯಾಗ ಅವನ ಅಣ್ಣ ಅದಾನ."

ಒಂದು ದಿನ ಸಿದ್ದವ್ವ ನೀರು ಕುಡಿಯಲು ಎದ್ದಾಗ ನೀಲವ್ವ ಕುಣಿಯೊಳಗೆ ಇಣುಕಿದಳು. ಕಾಲಿನಿಂದ ತುಳಿಯುವ ಹಲಗೆ ಇತ್ತು, ನೂಲಿನ ತುಣುಕುಗಳಿದ್ದವು. ಗುಮ್ಮ ಇರಲಿಲ್ಲ.

ಹುಡುಗಿ ನೇರ ಹಿತ್ತಲಿಗೆ ನಡೆದಳು, ಅವನ ಅಣ್ಣನನ್ನು ನೋಡಲು.

ಗುಮ್ಮನ ಮೇಲೆ ಭಾರ ಹಾಕಿ ಶಿವಲಿಂಗವ್ವ ಕಟ್ಟಿಗೆ ತರಲು ಹೋಗಿದ್ದಳು. ಒಣಗಿದ ನೂಲು ತೆಗೆಯಲು ಬಂದ ಪಕ್ಕದ ಮನೆಯ ಸುಗರಾ, ಹಂಡೆಯ ಅಂಚಿಗೆ ಕೈಯೂರಿ ಚೀರಿದ ಕೂಸನ್ನು ಹಿಂದಿನಿಂದ ಎಳೆದಳು. ಅಂಗೈ ಬೆಂದಿತ್ತು. ತುಂಬ ಹೊತ್ತು ತಣ್ಣೀರು ಸುರಿದು, ದವಾಖಾನೆಗೆ ಎತ್ತಿಕೊಂಡು ಓಡಿದಳು.

ಸಂಜೆ ಬಾಲವಾಡಿಯ ಶಿಕ್ಷಕಿ ಅನಸೂಯಾಬಾಯಿ ನೋಡಲು ಬಂದರು.

"ಹಂಡ್ಯಾಗ ಗುಮ್ಮ ಅದಾನಂತ ಅಷ್ಟು ಹೇಳಿದ್ದೆ ಅಕ್ಕೋರ. ಕೇಳಲಿಲ್ಲ," ಎಂದಳು ಶಿವಲಿಂಗವ್ವ.

"ಕೇಳ್ಯಾಳ್ರಿ. ಕೇಳಿದ್ದಕ್ಕ ನೋಡಾಕ ಹೋಗ್ಯಾಳ. ಹಂಡಿ ಸುಡ್ತೈತಿ ಅಂತ ಹೇಳಿದ್ರೇನು?"

"ಅಷ್ಟ ಸಣ್ಣ ಕೂಸಿಗೆ ಅದೇನ ತಿಳೀತೈತ್ರಿ? ನಮ್ಮವ್ವನೂ ಗುಮ್ಮನ ಹೆಸರು ಹೇಳೇ ಬೆಳೆಸ್ಯಾಳ. ನಾವೇನು ಸತ್ತೇವೇನು?"

ಅನಸೂಯಾಬಾಯಿ ನೀಲವ್ವನ ಕಡೆ ತಿರುಗಿದರು. "ಗುಮ್ಮ ಎಲ್ಲದಾನ, ತಂಗಿ?"

"ಎಲ್ಲೂ ಇಲ್ರಿ. ಆಯಿ ಸುಳ್ಳ ಹೇಳ್ತಾಳ," ಎಂದು ನೀಲವ್ವ ಅಜ್ಜಿಯ ಕಡೆ ಕೈ ಮಾಡಿದಳು.



"ನೋಡ್ರಿ," ಎಂದರು ಅನಸೂಯಾಬಾಯಿ. "ಗುಮ್ಮ ಸುಳ್ಳಾದ. ಅವನ ಜೋಡಿ ನಿಮ್ಮ ಮಾತೂ ಸುಳ್ಳಾತು. ನಾಳೆ ಬಾವಿ ಕಡೆ ಹೋಗಬ್ಯಾಡ ಅಂದ್ರ ಆಕಿ ಕೇಳ್ತಾಳೇನು?"

"ಮತ್ತ ಏನ ಮಾಡ್ಲಿ?"

"ಇದ್ದದ್ದ ಇದ್ದಂಗ ಹೇಳ್ರಿ. ಹಂಡಿ ಸುತ್ತ ಬೇಲಿ ಹಾಕ್ರಿ. ಗುಮ್ಮ ಕಾಯೂದಿಲ್ಲ, ನಾವ ಕಾಯಬೇಕು."

ಮುಂದಿನ ಸಲ ಬಣ್ಣ ಹಾಕುವಾಗ ಹಂಡೆಯ ಸುತ್ತ ಬೇಲಿ ನಿಂತಿತ್ತು. ಶಿವಲಿಂಗವ್ವ ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ದೂರ ನಿಂತಳು.

"ಅಲ್ಲಿ ನೋಡು, ಗುಮ್..." ಬಾಯಿಗೆ ಬಂದದ್ದನ್ನು ನುಂಗಿದಳು. "ಕುದಿಯೂ ನೀರು. ಮುಟ್ಟಿದ್ರ ಸುಡ್ತೈತಿ. ಅವತ್ತ ಸುಟ್ಟಿತ್ತಲ್ಲ, ಹಂಗ."

ನೀಲವ್ವ ತನ್ನ ಅಂಗೈ ನೋಡಿಕೊಂಡಳು. ಅಷ್ಟರಲ್ಲಿ ಸುಗರಾಳ ಸಣ್ಣ ಮಗಳು ಎಡವುತ್ತ ಬೇಲಿಯತ್ತ ಬಂದಳು. ನೀಲವ್ವ ಅಜ್ಜಿಯ ಕಂಕುಳಿಂದಲೇ ಕೂಗಿದಳು:

"ಏ, ಅಲ್ಲಿ ಗುಮ್ಮ ಇಲ್ಲ. ಸುಡ್ತೈತಿ. ಬರಬ್ಯಾಡ."

ಮಗು ನಿಂತಿತು.

ಅಕ್ಕತಂಗಿಯರೇ, ಅಜ್ಜಿಯರೇ, ನಿಮ್ಮ ಮನೆಯಲ್ಲಿ ಗುಮ್ಮನನ್ನು ಎಲ್ಲೆಲ್ಲಿ ಕಾವಲಿಗೆ ಕೂರಿಸಿದ್ದೀರಿ? ಬಾವಿಗೋ, ಒಲೆಗೋ, ಸೀಮೆಎಣ್ಣೆ ಡಬ್ಬಿಗೋ? ಇವತ್ತೇ ಅವನನ್ನು ಎಬ್ಬಿಸಿ ಕಳಿಸಿ. ಬಾವಿಗೆ ಕಟ್ಟೆ ಕಟ್ಟಿಸಿ. ಡಬ್ಬಿಯನ್ನು ಕೈಗೆ ಸಿಗದಂತೆ ಮೇಲಿಡಿ. ಒಲೆಯ ಹತ್ತಿರ ನೀವೇ ನಿಲ್ಲಿ. ಮಗುವಿಗೆ ಖರೇ ಮಾತು ಹೇಳಿ. ಅದಕ್ಕೆ ತಿಳಿಯುತ್ತದೆ.