ತೋರಿಸುವುದಕ್ಕೆ ಒಂದು ಬೀರು

ಹಣಕ್ಕೆ ಯಾವ ಷರತ್ತೂ ಇಲ್ಲ ಎಂದು ಸಂಸ್ಥೆಯ ಹೆಂಗಸು ಮೂರು ಸಲ ಹೇಳಿದ್ದಳು. ಶಾಲೆಯ ಅಂಗಳದಲ್ಲಿ ಊರವರನ್ನೆಲ್ಲ ಕೂರಿಸಿ, ಮೈಕು ಕೆಟ್ಟಿದ್ದರಿಂದ ಗಂಟಲು ಹರಿದುಕೊಂಡು ಹೇಳಿದ್ದಳು. ಪ್ರತಿ ಮನೆಯ ಹೆಂಗಸಿನ ಹೆಸರಿಗೆ ಫೋನಿನಲ್ಲೇ ಹಣ ಬರುತ್ತದೆ, ಎರಡು ಕಂತಿನಲ್ಲಿ. ಏನು ಬೇಕಾದರೂ ಮಾಡಿಕೊಳ್ಳಿ, ಯಾರೂ ಲೆಕ್ಕ ಕೇಳುವುದಿಲ್ಲ. ನಾನು ಕೇಳಿಸಿಕೊಂಡೆ. ಒಂದು ಕಿವಿ ಮಂದವಾಗಿರುವ ನಮ್ಮ ಅತ್ತೆಯೂ ಕೇಳಿಸಿಕೊಂಡರು. ನನ್ನ ಗಂಡ ಮಾತ್ರ ಅಲ್ಲಿ ಗೋಣು ಆಡಿಸಿ, ಮನೆಗೆ ಬಂದವರೇ, "ಬಾಯಲ್ಲಿ ಹಾಗೇ ಹೇಳ್ತಾರೆ. ಆಮೇಲೆ ಬರ್ತಾರೆ ನೋಡು, ಫೈಲು ಹಿಡ್ಕೊಂಡು" ಎಂದರು.

ಇವರಿಗೆ ಆ ಭಯ ಅಂಟಿಕೊಂಡಿದ್ದು ಆಡುಗಳಿಂದ. ನಮ್ಮ ಮದುವೆಯಾದ ಎರಡನೇ ವರ್ಷ ಯಾವುದೋ ಕಚೇರಿಯವರು ನಾಲ್ಕು ಆಡು ಕೊಟ್ಟಿದ್ದರು, ಕಿವಿಗೆ ಹಳದಿ ಬಿಲ್ಲೆ ಚುಚ್ಚಿ. ಒಂದು ಸತ್ತಿತು, ಇವರು ಹೂತು ಬಂದರು. ಅದಾದ ಹದಿನೈದು ದಿನಕ್ಕೆ ಬಂದ ಅಧಿಕಾರಿ, "ಸತ್ತಿದ್ದಕ್ಕೆ ಸಾಕ್ಷಿ ಏನು? ಮಾರ್ಕೊಂಡು ತಿಂದಿದ್ದೀರಿ" ಎಂದ. ಇವರು ಗುದ್ದಲಿ ಹಿಡಿದು ಹೋಗಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಗೆದು, ಬಿಲ್ಲೆಯಿದ್ದ ಕಿವಿಯನ್ನು ಕತ್ತರಿಸಿ ತಂದು ಅವನ ಮುಂದೆ ಹಿಡಿದರು. ಅಂಗಳದಲ್ಲಿ ಅರ್ಧ ಊರು ನಿಂತಿತ್ತು. ಅವತ್ತಿನಿಂದ, ಪುಕ್ಕಟೆ ಬಂದದ್ದು ಏನೇ ಇರಲಿ, ಕೇಳಿದ ತಕ್ಷಣ ತೋರಿಸುವ ಹಾಗಿರಬೇಕು ಎಂಬುದು ಇವರ ತಲೆಯಲ್ಲಿ ಗೂಟ ಹೊಡೆದು ಕೂತಿದೆ. ಪಾಪ ಅನ್ನಿಸುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಪಾಪ ಅನ್ನಿಸುವುದಕ್ಕೂ ಒಂದು ಮಿತಿ ಬೇಡವೇ?

ನನ್ನ ಹಲ್ಲು ನೋಯಲು ಶುರುವಾಗಿದ್ದು ಹಣ ಬರುವುದಕ್ಕೆ ಹತ್ತು ದಿನ ಮೊದಲು. ಎಡಗಡೆ, ಕೆಳಗಿನ ದವಡೆ ಹಲ್ಲು. ನಾನು ಆಲೂಗಡ್ಡೆ ಗೋದಾಮಿನಲ್ಲಿ ಕೆಲಸ ಮಾಡುವವಳು. ಬೆಳಗಿಂದ ಸಂಜೆಯವರೆಗೆ ಬಗ್ಗಿಕೊಂಡು ದೊಡ್ಡದನ್ನು ಒಂದು ಕಡೆ, ಸಣ್ಣದನ್ನು ಒಂದು ಕಡೆ, ಕೊಳೆತದ್ದನ್ನು ಬುಟ್ಟಿಗೆ ಹಾಕಬೇಕು. ಬಗ್ಗಿದರೆ ಸಾಕು, ಮೈಯ ರಕ್ತವೆಲ್ಲ ಆ ಹಲ್ಲಿಗೇ ಇಳಿದು ಬಡಿಯುತ್ತಿತ್ತು. ಲವಂಗ ಕಚ್ಚಿದೆ, ಉಪ್ಪುನೀರು ಮುಕ್ಕಳಿಸಿದೆ, ಅಂಗಡಿಯವನು ಕೊಟ್ಟ ಮಾತ್ರೆ ನುಂಗಿದೆ. ಹೇಗೂ ಹಣ ಬರುತ್ತದಲ್ಲ, ಪೇಟೆಯ ಹಲ್ಲಿನ ಡಾಕ್ಟರ ಹತ್ತಿರ ಹೋದರಾಯಿತು ಅಂದುಕೊಂಡು ಹಲ್ಲು ಕಚ್ಚಿಕೊಂಡು, ಅಂದರೆ ಬಲಗಡೆಯ ಹಲ್ಲು ಕಚ್ಚಿಕೊಂಡು, ಇದ್ದೆ.

ಹಣ ಬಂತು. ನನ್ನ ಹೆಸರಿಗೇ ಬಂತು, ಇವರ ಜೇಬಿನಲ್ಲಿದ್ದ ಫೋನಿಗೆ. ಮನೆಗೆಲ್ಲ ಇರುವುದು ಅದೊಂದೇ ಫೋನು.

"ಹಲ್ಲು ತೋರಿಸ್ಕೊಂಡು ಬರ್ತೀನಿ ರೀ" ಎಂದೆ.

"ತೋರಿಸ್ಕೋ, ಬೇಡ ಅಂದವರ್ಯಾರು? ಆದ್ರೆ ಈ ದುಡ್ಡಲ್ಲಿ ಬೇಡ. ಅವ್ರು ಬಂದು ಕೇಳಿದ್ರೆ ಏನು ತೋರಿಸ್ತೀಯ? ಬಾಯಿ ತೆಗ್ದು ಖಾಲಿ ಜಾಗ ತೋರಿಸ್ತೀಯಾ?"

ಅತ್ತೆ ನಕ್ಕುಬಿಟ್ಟರು. ನನಗೂ ನಗು ಬಂತು, ಆ ನಗುವಿಗೂ ಹಲ್ಲು ನೋಯಿತು.

"ಬೇರೆ ದುಡ್ಡು ಎಲ್ಲಿದೆ ಈ ಮನೇಲಿ?"

"ಬರುತ್ತೆ ಬಿಡು. ಎಲ್ಲದಕ್ಕೂ ಆತುರ ನಿನಗೆ."

ಮೊದಲು ಸೂರಿಗೆ ಹೊಸ ತಗಡು ಬಂತು. ಅದಕ್ಕೆ ನಾನು ಚಕಾರ ಎತ್ತಲಿಲ್ಲ. ಆ ವರ್ಷ ಮಳೆ ಹಿಡಿದಾಗ ಹಾಸಿಗೆಯನ್ನು ಮೂಲೆಯಿಂದ ಮೂಲೆಗೆ ಎಳೆದಾಡದೆ ಮಲಗಿದೆವು; ಸೋರುವ ಕಡೆಯೆಲ್ಲ ಪಾತ್ರೆ ಇಡುವ ಕೆಲಸ ತಪ್ಪಿತೆಂದು ಅತ್ತೆ ಮೂರು ದಿನ ಅದೇ ಮಾತಾಡಿದರು. ಉಳಿದ ಹಣದಲ್ಲಿ ಬಂತು ನೋಡಿ, ಬೀರು. ಕಬ್ಬಿಣದ್ದು, ನನಗಿಂತ ಒಂದು ಮೊಳ ಎತ್ತರ, ಬಾಗಿಲಲ್ಲಿ ಆಳುದ್ದದ ಕನ್ನಡಿ. ಇವರು ಓಡಿಸುವ ಟ್ರ್ಯಾಕ್ಟರಿನ ಸಾಹುಕಾರರನ್ನು ಕಾಡಿಬೇಡಿ ಟ್ರೇಲರಿನಲ್ಲೇ ಹೇರಿಕೊಂಡು ಬಂದರು. ಬಾಗಿಲಲ್ಲಿ ಹಿಡಿಯಲಿಲ್ಲ, ಚೌಕಟ್ಟು ಕಿತ್ತು ಒಳಗೆ ತಂದರು. ಒಳಕೋಣೆಯ ಅರ್ಧ ಅದೇ ನುಂಗಿತು. ಮೂವರೂ ಅಡ್ಡಡ್ಡ ಮಲಗುವ ಹಾಗಾಯಿತು.

"ಇದರೊಳಗೆ ಏನಿಡೋದು?" ಎಂದೆ. ನಮ್ಮ ಮೂವರ ಬಟ್ಟೆ ಒಂದು ಹಗ್ಗದ ಮೇಲೆ ಹಿಡಿಯುತ್ತದೆ.

"ಏನೂ ಇಡ್ಬೇಡ. ಮೇಲಿನ ಪ್ಲಾಸ್ಟಿಕ್ಕೂ ಕೀಳ್ಬೇಡ. ಅವ್ರು ಬಂದಾಗ ಹೊಸದಾಗಿ ಕಾಣ್ಬೇಕು."

ನನ್ನ ಗಂಡನ ಬುದ್ಧಿಗೆ ಏನು ಹೇಳಲಿ! ಗೋಡೆಗೆ ಹೇಳಿದರೆ ಅದಾದರೂ ಒಂದು ಸಲ ಪ್ರತಿಧ್ವನಿ ಕೊಡುತ್ತದೆ.

ಹಲ್ಲು ತನ್ನ ಪಾಡಿಗೆ ತಾನು ಕೆಡುತ್ತಾ ಹೋಯಿತು. ಎಂಟು ದಿನ ಊದುತ್ತಿತ್ತು, ನಾಲ್ಕು ದಿನ ಇಳಿಯುತ್ತಿತ್ತು. ಇಳಿದಾಗ ಇವರು "ನೋಡ್ದಾ, ತಾನೇ ವಾಸಿಯಾಯ್ತು" ಎನ್ನುವರು. ಊದಿದಾಗ ಬೀರುವಿನ ಕನ್ನಡಿಯಲ್ಲಿ ನೋಡಿಕೊಂಡರೆ ಅರ್ಧ ಮುಖ ನನ್ನದು, ಅರ್ಧ ಯಾರದೋ. ಎರಡು ತಿಂಗಳಾದ ಮೇಲೆ ಗಂಜಿ ಬಿಟ್ಟು ಬೇರೇನೂ ಒಳಗೆ ಹೋಗಲಿಲ್ಲ. ಗೋದಾಮಿನಲ್ಲಿ ತಲೆ ಸುತ್ತಿ ಮೂಟೆಗೆ ಒರಗಿ ಕೂತುಬಿಟ್ಟ ದಿನ ಮೇಸ್ತ್ರಿ ಅರ್ಧ ಕೂಲಿ ಹಿಡಿದ. ಅಲ್ಲಿಯ ಹೆಂಗಸರು, "ದುಡ್ಡು ನಿನ್ನದು, ಫೋನು ಕಿತ್ಕೊಂಡು ಹೋಗೋಕೇನು ಧಾಡಿ ನಿನಗೆ?" ಎಂದು ನನ್ನನ್ನೇ ಬೈದರು. ಹೋಗಬಹುದಿತ್ತು. ಆದರೆ ಆ ಆಡಿನ ಕಿವಿಯನ್ನು ಹಿಡಿದುಕೊಂಡು ಅಂಗಳದಲ್ಲಿ ನಿಂತಿದ್ದ ಇವರ ಮುಖ ನೋಡಿದವಳು ನಾನು. ಇನ್ನೊಮ್ಮೆ ಇವರು ಹಾಗೆ ನಿಲ್ಲುವುದಾದರೆ ಅದು ನನ್ನಿಂದಾಗುವುದು ಬೇಡ ಅನ್ನಿಸಿತು. ದಡ್ಡತನ ಅಂದರೆ ದಡ್ಡತನವೇ.

ಐದನೇ ತಿಂಗಳಲ್ಲಿ ಎರಡನೇ ಕಂತೂ ಬಂತು. ಅದನ್ನು ಇವರು ಮುಟ್ಟಲೇ ಇಲ್ಲ. "ಒಂದ್ಸಲ ಬಂದು ನೋಡ್ಕೊಂಡು ಹೋಗ್ಲಿ, ಆಮೇಲೆ ನಿನ್ನ ಹಲ್ಲಿಗೇ ಮೊದ್ಲು" ಎಂದರು. ನಾನು ಮಾತು ಬಿಟ್ಟೆ. ಮಾತಾಡಿದರೂ ನೋಯುತ್ತಿತ್ತು.

ಏಳನೇ ತಿಂಗಳಲ್ಲಿ ಅವರು ಬಂದರು. ಅವರು ಅಂದರೆ ಒಬ್ಬಳೇ ಹುಡುಗಿ, ಕಾಲೇಜು ಮುಗಿಸಿ ವರ್ಷವಾಗಿರಬಹುದು. ಚಪ್ಪಲಿಯೆಲ್ಲ ಧೂಳು, ಕೈಯಲ್ಲಿ ಪ್ರಶ್ನೆಗಳ ಹಾಳೆ. ಇವರು ಇಸ್ತ್ರಿ ಮಾಡಿಟ್ಟಿದ್ದ ಅಂಗಿ ತೊಟ್ಟು ಓಡಿ ಬಂದರು. ತಗಡು ತೋರಿಸಿದರು. ಬೀರು ತೆಗೆದು ತೋರಿಸಿದರು, ಮುಚ್ಚಿ ತೋರಿಸಿದರು.

"ಇದೆಲ್ಲ ನೋಡೋದು ಬೇಡ" ಎಂದಳು ಆಕೆ. "ಕೆಲವು ಪ್ರಶ್ನೆ ಇದೆ, ಅಷ್ಟೆ. ಕೂತ್ಕೊಳ್ಳಿ."

ಕೂತೆವು. ಎಷ್ಟು ಹೊತ್ತು ಊಟ, ನೀರು ಎಲ್ಲಿಂದ, ಎಲ್ಲದಕ್ಕೂ ಇವರೇ ಉತ್ತರ. ಆಮೇಲೆ ಆಕೆ ಹಾಳೆ ಮಗುಚಿ ಓದಿದಳು: "ದುಡ್ಡು ಬಂದ ಮೇಲೆ ಈ ಮನೇಲಿ ಯಾರಿಗಾದ್ರೂ ಹುಷಾರಿಲ್ದೆ, ಡಾಕ್ಟ್ರ ಹತ್ರ ಹೋಗದೇ ಉಳಿದಿದ್ದು ಇದ್ಯಾ?"

"ಇಲ್ಲ ಮೇಡಂ" ಎಂದರು ಇವರು. "ಎಲ್ಲಾ ಆರಾಮಾಗಿದ್ದೀವಿ."

ನಾನು ಅಲ್ಲೇ ಇದ್ದೆ. ಇವರ ಮೊಳಕೈ ತಾಗುವಷ್ಟು ಹತ್ತಿರ, ಕೆನ್ನೆಗೆ ಬಿಸಿ ಬಟ್ಟೆ ಒತ್ತಿಕೊಂಡು. ಸುಳ್ಳು ಹೇಳಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಇವರು ಸುಳ್ಳು ಹೇಳಲಿಲ್ಲ. ಇವರಿಗೆ ನನ್ನ ನೆನಪೇ ಆಗಲಿಲ್ಲ.

"ಇದೆ ಅಂತ ಬರ್ಕೊಳ್ಳಮ್ಮ" ಎಂದೆ. ಬಟ್ಟೆ ತೆಗೆದೆ. "ನಾನೇ. ಏಳು ತಿಂಗಳಾಯ್ತು."

"ಅದು ಹಲ್ಲು ಮೇಡಂ" ಎಂದರು ಇವರು. "ಕಾಯಿಲೆ ಅಲ್ಲ."

ಆ ಹುಡುಗಿ ನನ್ನ ಮುಖ ನೋಡಿದವಳು ಬರೆಯುವುದನ್ನು ನಿಲ್ಲಿಸಿದಳು. "ದುಡ್ಡು ಈ ಅಕ್ಕನ ಹೆಸರಿಗೇ ಅಲ್ವಾ ಬಂದಿದ್ದು?"

"ಅವಳದ್ದೇ ಕಣಮ್ಮ" ಎಂದರು ಅತ್ತೆ. "ಇವನಿಗೆ ನೀವು ಬರ್ತೀರಿ ಅನ್ನೋದೇ ಜ್ವರ."

ಇವರ ದನಿ ಇಳಿಯಿತು. "ನೀವು ಬಂದಾಗ ತೋರ್ಸೋಕೆ ಏನಾದ್ರೂ ಇರ್ಬೇಕಲ್ಲ ಮೇಡಂ."

"ನಾನು ಬಂದಿದ್ದು ನೀವೆಲ್ಲ ಹೇಗಿದ್ದೀರಿ ಅಂತ ಕೇಳೋಕೆ ಅಣ್ಣ" ಎಂದಳು ಆಕೆ.

ಮರುದಿನ ಮೊದಲ ಬಸ್ಸಿಗೇ ಪೇಟೆಗೆ ಹೋದೆವು. ಹಲ್ಲಿನ ಡಾಕ್ಟರು ದೀಪ ಹಿಡಿದು ನೋಡಿ, "ಇಷ್ಟು ದಿನ ಏನು ಮಾಡ್ತಿದ್ರಿ?" ಎಂದು ನನ್ನನ್ನಲ್ಲ, ಇವರನ್ನು ಕೇಳಿದರು. "ಆಗ್ಲೇ ಬಂದಿದ್ರೆ ಆ ಹಲ್ಲನ್ನ ಉಳಿಸಬಹುದಿತ್ತು. ಈಗ ಕೀವು ಪಕ್ಕಕ್ಕೂ ಇಳಿದಿದೆ. ಮೂರು ತೆಗೀಬೇಕು."

"ಮೂರಾ?" ಎಂದರು ಇವರು. ಅಷ್ಟು ಸಣ್ಣ ದನಿಯಲ್ಲಿ ಇವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ತೆಗೆದರು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಾಗ ಮರಗಟ್ಟಿದ್ದು ಬಿಡುತ್ತಾ, ಒಂದೊಂದೇ ಗುಳಿ ನೋಯುತ್ತಾ ಬರುತ್ತಿತ್ತು. ಇವರು ಎರಡು ಬಸ್ಸು ಬಿಟ್ಟರು. ರಶ್ಶು ಇದೆ, ಯಾರಾದರೂ ನಿನಗೆ ತಗಲುತ್ತಾರೆ ಎಂದರು. ಆಮೇಲೆ ರಸ್ತೆ ನೋಡುತ್ತಾ, "ಹೇಗಿದ್ದೀಯ ಅಂತ ನಾನು ಒಂದು ದಿನಾನಾದ್ರೂ ಕೇಳ್ಬೇಕಿತ್ತು, ಅಲ್ವಾ" ಎಂದರು.

ಏಳು ತಿಂಗಳಿಂದ ಕೂಡಿಟ್ಟ ಬೈಗುಳ ನಾಲಿಗೆಯ ತುದಿಯಲ್ಲೇ ಇತ್ತು, ಆದರೆ ಬಾಯಿ ತುಂಬ ಹತ್ತಿ. ತಲೆ ಆಡಿಸಿದರೂ ಕಿವಿಯವರೆಗೆ ನೋವು ಎಳೆಯುತ್ತಿತ್ತು. ಆದರೂ ಹೌದು ಎಂದು ತಲೆ ಆಡಿಸಿದೆ, ಇವರು ತಿರುಗಿ ನೋಡುವವರೆಗೂ ಆಡಿಸಿದೆ.